ವಾರಿಜಕ್ಕನ ಮೂರು ದಿನದ ರಜೆ

ಬ್ಯಾಂಕಿನವರಿಗೆ ಎರಡನೇ ಶನಿವಾರ ರಜೆ, ನಾಲ್ಕನೆಯದೂ ರಜೆ. ಮಳೆ ಜೋರಾದರೆ ಶಾಲೆಯ ಮಕ್ಕಳಿಗೆ ಜಿಲ್ಲಾಧಿಕಾರಿಗಳೇ ಕರೆದು ರಜೆ ಕೊಡುತ್ತಾರೆ. ಉರ್ವದ ವಾರಿಜಕ್ಕನಿಗೆ ಇದ್ದದ್ದು ತಿಂಗಳಿಗೆ ಮೂರೇ ದಿನ. ನಲವತ್ತೆಂಟನೆಯ ವಯಸ್ಸಿನಲ್ಲಿ ಅದಕ್ಕೂ ಕಲ್ಲು ಬಿದ್ದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ, ನೀವೇ ಹೇಳಿ.

ರಜೆಯೆಂದರೆ ಮುಟ್ಟಿನ ರಜೆ. ವಾರಿಜಕ್ಕನ ಅತ್ತೆ ದೇಯಿಯವರು ಹಳೆಯ ಕಾಲದವರು. ಮುಟ್ಟಾದವಳು ಮೂರು ದಿನ ಅಡಿಗೆಮನೆಗೂ ದೈವದ ಕೋಣೆಗೂ ಕಾಲಿಡಬಾರದು ಎಂಬುದು ಆ ಮನೆಯ ಸಂವಿಧಾನ, ತಿದ್ದುಪಡಿಗೆ ಅವಕಾಶವಿಲ್ಲ. ಇದು ಶೋಷಣೆ ಎಂದು ಮಗಳು ಮೋಕ್ಷಾ ಕಾಲೇಜಿನಿಂದ ಬಂದವಳೇ ಭಾಷಣ ಬಿಗಿಯುವುದಿತ್ತು. ಆಗೆಲ್ಲ ವಾರಿಜಕ್ಕ ಬಾಗಿಲು ಮುಂದೆ ಮಾಡಿ, ನೀನೊಮ್ಮೆ ಸುಮ್ಮನಿರು ಮಾರಾಯ್ತಿ ಎಂದು ಮಗಳ ಬಾಯಿ ಮುಚ್ಚಿಸುತ್ತಿದ್ದಳು. (ಮಗಳು ಹೇಳುವುದು ಸರಿ ಎಂದು ಅವಳಿಗೂ ಗೊತ್ತು. ಆದರೆ ಶೋಷಣೆ ನಿಂತರೆ ನಾಳೆಯ ದೋಸೆಗೆ ಅಕ್ಕಿ ರುಬ್ಬುವವರು ಯಾರು?)

ಆ ಮೂರು ದಿನ ಅಡಿಗೆ ಗಂಡ ಪೂವಪ್ಪನದು. ಬೈಕಂಪಾಡಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಪೂವಪ್ಪ ಸಾರಿಗೆ ಹುಣಸೆಹುಳಿಯನ್ನು ಲೋಡುಗಟ್ಟಲೆ ಇಳಿಸುತ್ತಿದ್ದ. ದೇಯಿಯವರು ಒಂದು ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದರು. ವಾರಿಜಕ್ಕ ಮಾತ್ರ ಚಾವಡಿಯಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಸಿ, ಮೊಬೈಲು ಹಿಡಿದು, ಮಹಾರಾಣಿಯ ಹಾಗೆ ಮಲಗಿರುತ್ತಿದ್ದಳು. ಹುಳಿಯೋ ಉಪ್ಪೋ, ತಾನು ಬೇಯಿಸದ ಅನ್ನಕ್ಕೆ ಒಂದು ರುಚಿ ಇದ್ದೇ ಇರುತ್ತದೆ.

ಹೀಗಿರುವಾಗ ಒಂದು ತಿಂಗಳು ಮುಟ್ಟು ಬರಲಿಲ್ಲ. ಮರುತಿಂಗಳೂ ಇಲ್ಲ. ಅದರ ಬದಲಿಗೆ ಬೇರೇನೇನೋ ಬಂತು. ದೋಸೆ ಎರೆಯುತ್ತಿದ್ದ ಹಾಗೆ ಎದೆಯಿಂದ ಕಿವಿಯವರೆಗೆ ಭಗ್ಗೆಂದು ಬಿಸಿ ಏರಿ, ರವಿಕೆ ಒದ್ದೆಯಾಗಿ, ಅವಳು ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ತಲೆ ಇಡುತ್ತಿದ್ದಳು. ಎಂತ ಹುಡುಕುವುದು ಎಂದು ಪೂವಪ್ಪ ಕೇಳಿದರೆ, "ನನ್ನ ತಲೆ" ಎಂಬ ಉತ್ತರ ಫ್ರಿಜ್ಜಿನ ಒಳಗಿನಿಂದ ಬರುತ್ತಿತ್ತು. ನಿದ್ದೆ ಓಡಿಹೋಯಿತು. ಗಂಟು ಗಂಟು ನೋವು. ಟಿವಿಯಲ್ಲಿ ತುಪ್ಪದ ಜಾಹೀರಾತು ಬಂದರೂ ಅಳು. ಇಪ್ಪತ್ತೈದು ವರ್ಷಗಳಿಂದ ಸುರ್ ಎಂದು ಚಹಾ ಹೀರುತ್ತಿದ್ದ ಪೂವಪ್ಪನಿಗೆ ಒಂದು ಬೆಳಿಗ್ಗೆ ಆ ಸದ್ದಿಗಾಗಿ ಸಿಕ್ಕಿದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಪಾಪ, ಅಂದಿನಿಂದ ಅವನು ಲೋಟ ಹಿಡಿದುಕೊಂಡು ಗೇಟಿನ ಹತ್ತಿರ ಹೋಗಿ ಕುಡಿಯತೊಡಗಿದ.

ಅನ್ಯಾಯ ಯಾವುದೆಂದರೆ, ರಜೆ ತೀರಾ ಬೇಕಾದ ಕಾಲಕ್ಕೇ ರಜೆ ರದ್ದಾಗಿತ್ತು. ಒಂದು ದಿನ ಬೆಳಿಗ್ಗೆ ಹೆಚ್ಚಬೇಕಾದ ಬಸಳೆಯ ಕಟ್ಟನ್ನೂ ತಿಕ್ಕಬೇಕಾದ ಪಾತ್ರೆಯ ರಾಶಿಯನ್ನೂ ನೋಡುತ್ತಾ ನಿಂತವಳ ಬಾಯಿಂದ, "ಅತ್ತೆ, ನಾನು ಹೊರಗೆ" ಎಂಬ ಮಾತು ತಾನಾಗಿ ಹೊರಬಿತ್ತು. ದೈವದ ಕೋಣೆಯ ಕಡೆಗೆ ತಿರುಗಿ, ನಿನಗೆ ಎಲ್ಲ ಗೊತ್ತುಂಟಲ್ಲ, ಸ್ವಲ್ಪ ಹೊಂದಿಸಿಕೋ ಎಂದು ಮನಸ್ಸಿನಲ್ಲೇ ಕೈಮುಗಿದು ಚಾಪೆ ಬಿಡಿಸಿದಳು. ದೈವ ಏನೂ ಅನ್ನಲಿಲ್ಲ. ಅತ್ತೆಯೂ ಏನೂ ಅನ್ನಲಿಲ್ಲ.

ಸುಳ್ಳಿನ ರಜೆ ನಿಜದ್ದಕ್ಕಿಂತ ಸುಖವಾಗಿತ್ತು. ಹೊಟ್ಟೆನೋವಿಲ್ಲ, ರಗಳೆಯಿಲ್ಲ. ಆದರೆ ಕಳ್ಳನಿಗೊಂದು ಪಿಳ್ಳೆ ನೆವ ಎನ್ನುವ ಹಾಗೆ, ರುಚಿ ಹತ್ತಿದ ಮೇಲೆ ನೆವಕ್ಕೇನು ಬರಗಾಲ? ಮರುತಿಂಗಳು ಮತ್ತೆ ಚಾಪೆ ಹಾಸಿದಳು. ಎದ್ದು ವಾರವಾಗಿರಲಿಲ್ಲ, ದಾರಿ ತಪ್ಪಿದ್ದ ನಿಜವಾದ ಮುಟ್ಟು ಧೋ ಎಂದು ಬಂದೇಬಿಟ್ಟಿತು. ವಾರಿಜಕ್ಕ ಅದಕ್ಕೂ ಮಲಗಿದಳು. ಅದು ಮುಗಿದು ಸ್ವಲ್ಪ ದಿನಕ್ಕೆ ಗಂಡನ ಅಣ್ಣನ ಸಂಸಾರ ಊಟಕ್ಕೆ ಬರುತ್ತದೆಂದು ತಿಳಿದಾಗ ಮತ್ತೊಮ್ಮೆ ಮಲಗಿದಳು.

ಪೂವಪ್ಪನ ಮುಖ ಸಣ್ಣದಾಯಿತು. ಒಂದೇ ತಿಂಗಳಲ್ಲಿ ಮೂರು ಸಲ! ಗೋದಾಮಿನಲ್ಲಿ ಯಾರೋ ತಮ್ಮ ಅತ್ತಿಗೆಯ ಕಥೆ ಹೇಳಿ ಅವನನ್ನು ಮತ್ತಷ್ಟು ಹೆದರಿಸಿದ್ದರು. ಏನೂ ಆಗಿಲ್ಲ, ಏನೂ ಬೇಡ ಎಂದು ಹೆಂಡತಿ ಎಷ್ಟು ಹೇಳಿದರೂ ಕೇಳದೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಅತ್ತಾವರದ ಡಾಕ್ಟರ್ ಲಿಡಿಯಾ ಅವರ ಕ್ಲಿನಿಕ್ಕಿಗೆ ಒಯ್ದ.

ಡಾಕ್ಟರು ಪ್ರಶ್ನೆ ಕೇಳಿದ್ದು ವಾರಿಜಕ್ಕನನ್ನು. ಉತ್ತರ ಕೊಟ್ಟದ್ದು ಪೂವಪ್ಪ. ಯಾವ ಲಾರಿ ಯಾವ ದಿನ ಬಂತು, ಯಾವ ದಿನ ಹೋಯಿತು ಎಂದು ಒಪ್ಪಿಸುವ ಹಾಗೆ ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ. ಡಾಕ್ಟರ ಹುಬ್ಬು ಗಂಟಿಕ್ಕಿತು. ಈ ವಯಸ್ಸಿನಲ್ಲಿ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ, ಆದರೆ ಇಷ್ಟು ಬೇಗಬೇಗ ರಕ್ತ ಹೋಗುವುದನ್ನು ಹಾಗೇ ಬಿಡುವಂತಿಲ್ಲ, ಸ್ಕ್ಯಾನ್ ಮಾಡಬೇಕು, ಗರ್ಭಕೋಶದ ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು.

ಇನ್ನು ನಿಜ ಹೇಳದೆ ವಾರಿಜಕ್ಕನಿಗೆ ಬೇರೆ ದಾರಿ ಇರಲಿಲ್ಲ. ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ ಎಂದು ಗಂಡನಿಗೆ ಹೇಳಲು ತಿರುಗಿದಳು. ನೋಡಿದರೆ ಪೂವಪ್ಪ ಅವಳ ಬ್ಯಾಗನ್ನು ಎದೆಗೆ ಒತ್ತಿ ಹಿಡಿದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಮದುವೆಯ ದಿನ ಅವಳು ಅತ್ತಿದ್ದಳು, ಅವನಲ್ಲ. ಅವನ ಕಣ್ಣಲ್ಲಿ ನೀರು ನೋಡಿದ್ದು ಇದೇ ಮೊದಲು.

"ಒಂದು ಮಾತ್ರ ನಿಜ ಡಾಕ್ಟ್ರೇ. ಉಳಿದದ್ದೆಲ್ಲ ನಾನು ಸುಳ್ಳು ಹೇಳಿದ್ದು" ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಕಥೆ ಪೂರ್ತಿ ಹೊರಬರುವಷ್ಟರಲ್ಲಿ ವಾರಿಜಕ್ಕ ಅತ್ತೂ ಆಗಿತ್ತು, ಬೆವರಿಯೂ ಆಗಿತ್ತು.

"ಸುಸ್ತಾದ್ರೆ ಸುಸ್ತು ಅಂತ ಹೇಳ್ಲಿಕ್ಕೆ ರಕ್ತದ ಸಾಕ್ಷಿ ಎಂತಕ್ಕೆ?" ಎಂದು ಕೇಳಿದರು ಲಿಡಿಯಾ.

ಆಮೇಲೆ ನಿಧಾನವಾಗಿ ವಿವರಿಸಿದರು. ಇದಕ್ಕೆ ಪೆರಿಮೆನೋಪಾಸ್ ಎನ್ನುತ್ತಾರೆ, ಮುಟ್ಟು ಪೂರ್ತಿ ನಿಲ್ಲುವ ಮೊದಲಿನ ವರ್ಷಗಳು. ಹಾರ್ಮೋನು ಏರಿಳಿಯುವಾಗ ಬಿಸಿ ಏರುವುದು, ನಿದ್ದೆಗೆಡುವುದು, ಸಿಟ್ಟು, ಅಳು ಎಲ್ಲವೂ ಅದರದ್ದೇ ಉಪದ್ವ್ಯಾಪ. ಇದು ರೋಗವಲ್ಲ, ಹಾಗೆಂದು ಹಲ್ಲು ಕಚ್ಚಿ ಸಹಿಸಬೇಕಾದದ್ದೂ ಅಲ್ಲ. ತಡೆಯಲಾಗದಿದ್ದರೆ ಚಿಕಿತ್ಸೆ ಇದೆ. ರಕ್ತ, ಥೈರಾಯ್ಡ್, ಬಿಪಿ, ಶುಗರ್ ನೋಡಿಸಬೇಕು. ಎಲುಬು ಸವೆಯುವ ಕಾಲವಾದ್ದರಿಂದ ದಿನಾ ಬೀಸುನಡಿಗೆ, ಸ್ವಲ್ಪ ಭಾರ ಎತ್ತುವ ವ್ಯಾಯಾಮ. ರಾಗಿ, ಎಳ್ಳು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು. ಮುಟ್ಟು ಒಂದು ವರ್ಷ ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ಮತ್ತೆ ಡಾಕ್ಟರ ಹತ್ತಿರ ಸುಳ್ಳು ಹೇಳಲೇಬಾರದು.

ಪೂವಪ್ಪ ಸ್ಕೂಟರನ್ನು ಮನೆಯ ಕಡೆಗೆ ತಿರುಗಿಸಿದ. ಸಿಗ್ನಲ್ಲಿನಲ್ಲಿ ನಿಂತಾಗ ಕತ್ತು ತಿರುಗಿಸದೆಯೇ, "ಅಷ್ಟು ಸುಸ್ತಾಗ್ತದಾ ನಿನಗೆ?" ಎಂದು ಕೇಳಿದ.

"ಆಗ್ತದೆ."

"ಹೇಳ್ಬಹುದಿತ್ತಲ್ಲ ಮಾರಾಯ್ತಿ. ನಾನು ಹೇಗೂ ಮಾಡ್ತೇನಲ್ಲ ಅಡಿಗೆ."

ವಾರಿಜಕ್ಕ ಅವನ ಬೆನ್ನಿಗೆ ಹಣೆ ಒರಗಿಸಿದಳು. ಹೆಲ್ಮೆಟ್ಟು ಇದ್ದದ್ದರಿಂದ ಅದು ಸರಿಯಾಗಿ ಒರಗಲಿಲ್ಲ, ಆದರೂ ಹಿತವಾಯಿತು.

ಉಳಿದದ್ದು ಅತ್ತೆ. ದೈವದ ಮನೆಯಲ್ಲಿ ಮುಟ್ಟಿನ ಸುಳ್ಳು ಹೇಳಿದ್ದೆಂದರೆ ಸಣ್ಣ ಅಪರಾಧವೇ? ನೀವೇ ಹೇಳಿ ಎಂದು ಇವಳು, ನೀನೇ ಹೇಳು ಎಂದು ಅವನು. ಕೊನೆಗೆ ಬಾಯಿ ಬಿಟ್ಟದ್ದು ವಾರಿಜಕ್ಕನೇ. ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ದೇಯಿಯವರು ಕೈ ನಿಲ್ಲಿಸದೆ ಎಲ್ಲ ಕೇಳಿದರು. ಮಗನನ್ನು ಅನ್ನಕ್ಕಿಡಲು ಒಳಗೆ ಕಳುಹಿಸಿದರು. ಎಲೆ ಮಡಚಿ ಬಾಯಿಗಿಟ್ಟರು.

"ತಿಂಗಳಿಗೆ ಮೂರು ಸಲ ಯಾಕೆ ಮಲಗಿದ್ದು? ಅಲ್ಲಿಯೇ ನೀನು ಸಿಕ್ಕಿಬಿದ್ದದ್ದು" ಎಂದರು. "ಪೂರ್ತಿ ನಿಂತ ಮೇಲೆ ಶುರು ಮಾಡ್ಬೇಕು. ನಿನಗೆ ಎಲ್ಲದಕ್ಕೂ ಅವಸರ."

ವಾರಿಜಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ, ಅತ್ತೆ... ನೀವೂ?"

"ನೀನು ಮದುವೆಯಾಗಿ ಬರುವಾಗ ನನ್ನದು ನಿಂತು ವರ್ಷ ಆಗಿತ್ತು."

ವಾರಿಜಕ್ಕ ಕೂತಲ್ಲೇ ಕೂತಳು. ಮದುವೆಯಾಗಿ ಬಂದ ಹೊಸದರಲ್ಲಿ ಪ್ರತಿ ತಿಂಗಳೂ ಅತ್ತೆ ಇದೇ ಜಗಲಿಯಲ್ಲಿ ಮೂರು ದಿನ ಕೂತು, ಉಪ್ಪು ನೋಡಿ ಹಾಕು, ಮೆಣಸು ನುಣ್ಣಗೆ ಅರೆ ಎಂದು ಅಪ್ಪಣೆ ಕೊಡುತ್ತಿದ್ದರು. ತಾನೊಬ್ಬಳೇ ಕಡೆಯುವ ಕಲ್ಲಿನ ಮುಂದೆ. ಮೋಕ್ಷಾ ಹೊಟ್ಟೆಯಲ್ಲಿದ್ದಾಗಲೂ ತಾನೊಬ್ಬಳೇ. ಅಷ್ಟೇ ಅಲ್ಲ, ಪಾಪ, ಈ ವಯಸ್ಸಿನಲ್ಲೂ ಅತ್ತೆಗೆ ಎಂತಹ ಕಷ್ಟ ಎಂದು ಕರಗಿ, ಸೊಂಟಕ್ಕೆ ಒಳ್ಳೆಯದೆಂದು ಬೆಲ್ಲ, ತೆಂಗಿನಹಾಲು ಹಾಕಿ ಮೆಂತೆಗಂಜಿ ಬೇರೆ ಮಾಡಿ ಬಿಸಿಬಿಸಿ ತಂದುಕೊಡುತ್ತಿದ್ದಳು. ಮೋಕ್ಷಾ ಶಾಲೆಗೆ ಸೇರುವವರೆಗೂ!

ಸಿಟ್ಟು ಮಾಡಬೇಕೆಂದು ಬಾಯಿ ತೆರೆದಳು. ಬಂದದ್ದು ನಗು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ಕುಲುಕುಲು ನಕ್ಕರು. ಇಬ್ಬರೂ ಯಾಕೆ ಹೀಗೆ ನಗುತ್ತಿದ್ದಾರೆಂದು ತಿಳಿಯದೆ ಪೂವಪ್ಪ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದು ಇಣುಕಿ ಹೋದ.

"ಅಷ್ಟು ವರ್ಷ ಕೂರ್ಬೇಕು ಅಂತ ನನಗೂ ಇರ್ಲಿಲ್ಲ" ಎಂದರು ದೇಯಿಯವರು, ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ಆ ನಿನ್ನ ಮೆಂತೆಗಂಜಿ ಉಂಟಲ್ಲ, ಅದನ್ನು ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ ನೋಡು."