ಗುಹೆಯ ಬಾಗಿಲಲ್ಲಿ ಮೇಷ್ಟ್ರು ಮತ್ತು ಕತ್ತೆ

ಕಾರು ಕಲಿಸುವ ಮೇಷ್ಟ್ರಿಗೆ ಹೊರಗೆ ಎಂಥ ಮರ್ಯಾದೆ ಅಂತೀರಿ! ಅವರು "ಬ್ರೇಕು!" ಅಂದರೆ ಬ್ಯಾಂಕಿನ ಮ್ಯಾನೇಜರೂ ಬೆವೆತು ಬ್ರೇಕು ಒತ್ತುತ್ತಾರೆ. ಮನೆಯೊಳಗೆ ಮಾತ್ರ ಅವರ ಮಾತನ್ನು ಕೇಳುವವರಿಲ್ಲ. ಕೊನೆಗೆ, ಮಗಳು ಗೆಳತಿಯಿಂದ ಎರವಲು ತಂದ ವಿಡಿಯೋ ಗೇಮಿನಲ್ಲೂ ಇದೇ ಗತಿಯಾದಾಗ ಮೇಷ್ಟ್ರ ಸಹನೆಯ ಕಟ್ಟೆ ಒಡೆಯಿತು.

ಆಟ ಇಷ್ಟೇ. ನಾಲ್ಕು ಜನ ತಂಡ ಕಟ್ಟಿಕೊಂಡು ಕಾಡು ಅಲೆಯಬೇಕು, ಸಣ್ಣಪುಟ್ಟ ಪ್ರಾಣಿಗಳನ್ನು ಬಡಿದು ಲೆವೆಲ್ ಏರಿಸಿಕೊಳ್ಳಬೇಕು, ಕೊನೆಗೆ ಗುಹೆಯ ರಾಕ್ಷಸನನ್ನು ಕೊಲ್ಲಬೇಕು. ಪಾತ್ರ ಹಂಚಿದವಳು ಮಗಳು. ಅಜ್ಜಿಗೆ, ಅಂದರೆ ಮೇಷ್ಟ್ರ ಅತ್ತೆಗೆ, ಗುರಾಣಿ, ಏಕೆಂದರೆ ಅವರು ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವರು. ಅವರನ್ನು ದಾಟಿ ಒಳಗೆ ನುಸುಳಿದ ನರಪಿಳ್ಳೆ ಇಲ್ಲ. ಅಮ್ಮ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು, ಆದ್ದರಿಂದ ಅವಳೇ ವೈದ್ಯೆ. ಮಗಳ ಕೈಯಲ್ಲಿ ಬಿಲ್ಲುಬಾಣ, ಅಪ್ಪನ ಕೈಯಲ್ಲಿ ಕತ್ತಿ. ಮೂಟೆ ಹೊರಲು ಒಂದು ಕತ್ತೆ.

"ಅಪ್ಪಾ, ಒಬ್ಬನೇ ಮುಂದೆ ಓಡ್ಬೇಡ. ಎಲ್ಲರ ಲೆವೆಲ್ಲೂ ಒಟ್ಟಿಗೆ ಏರ್ಬೇಕು" ಅಂದಳು ಮಗಳು.

"ನನಗೇ ಪಾಠಾನಾ?" ಅಂದವರೇ ಮೇಷ್ಟ್ರು ಕತ್ತಿ ಹಿರಿದು ಓಡಿದರು. ಎದುರಿಗೆ ಸಿಕ್ಕಿದ್ದು ಮುಳ್ಳುಹಂದಿ.

"ಏನ್ರೀ, ರಕ್ತ ಸುರೀತಿದೆ. ಮದ್ದು ಹಾಕ್ಲಾ?"

"ಅದನ್ನೂ ಕೇಳ್ತೀಯಲ್ಲೇ! ಹಾಕು ಬೇಗ!"

"ಈಗ ತಾನೇ ಒಂದು ಡೋಸ್ ಆಗಿದೆ. ಮೇಲಿಂದ ಮೇಲೆ ತಗೊಂಡ್ರೆ ಒಳ್ಳೇದಲ್ಲ. ಹೊಟ್ಟೆಗೇನಾದ್ರೂ ಬಿದ್ದಿದೆಯಾ?"

ಈ ಸಮಾಲೋಚನೆ ಮುಗಿಯುವಷ್ಟರಲ್ಲಿ ಮೇಷ್ಟ್ರು ವೀರಸ್ವರ್ಗ ಸೇರಿದ್ದರು. (ಆಟದಲ್ಲಿ ಸತ್ತವರು ಮತ್ತೆ ಎದ್ದು ಬರುತ್ತಾರೆ, ಹೋದ ಮಾನ ಮಾತ್ರ ಬರುವುದಿಲ್ಲ.) "ಅಳಿಯಂದ್ರೇ, ನನ್ನ ಹಿಂದೆ ಕ್ಯೂನಲ್ಲಿ ಬನ್ನಿ ಅಂದ್ನಲ್ಲ" ಅಂದರು ಅತ್ತೆ. ಮಗಳು ನಕ್ಕುಬಿಟ್ಟಳು. ಆ ನಗು ಮೇಷ್ಟ್ರಿಗೆ ಮುಳ್ಳಿಗಿಂತ ಜೋರಾಗಿ ಚುಚ್ಚಿತು. ಅವಳ ಬಾಯಿಂದ ಒಮ್ಮೆಯಾದರೂ "ಭಲೇ ಅಪ್ಪಾ" ಅನ್ನಿಸಿಕೊಳ್ಳದಿದ್ದರೆ ತಾನೆಂಥ ಅಪ್ಪ?

ಮರುದಿನದಿಂದ ಮೇಷ್ಟ್ರು ಎಲ್ಲರಿಗಿಂತ ಮುಂಚೆ ಏಳತೊಡಗಿದರು. ಕೇಳಿದರೆ "ವಾಕಿಂಗು" ಅನ್ನುವರು. ಟಿವಿಯ ದನಿ ತಗ್ಗಿಸಿ, ಕಾಡಿನ ಮುಳ್ಳುಹಂದಿಗಳ ವಂಶ ನಿರ್ವಂಶ ಮಾಡಿ, ಗಳಿಸಿದ ಅಂಕಗಳನ್ನೆಲ್ಲ ತಮ್ಮ ಪಾತ್ರದ ತೋಳ್ಬಲಕ್ಕೇ ಸುರಿದರು. ಯಾರಿಗೂ ಬಾಯಿ ಬಿಡಲಿಲ್ಲ. ಭಾನುವಾರ ರಾಕ್ಷಸನ ಎದುರು ತೋರಿಸಿದರಾಯಿತು ಅಂತ ಹೊಟ್ಟೆಯೊಳಗೇ ಇಟ್ಟುಕೊಂಡರು.

ಭಾನುವಾರ ಸಂಜೆ ಗೆಳತಿ ಬಂದು ಆಟದ ಪೆಟ್ಟಿಗೆ ವಾಪಸ್ ಒಯ್ಯುವವಳಿದ್ದಳು. "ಇವತ್ತು ಗೆಲ್ಲದಿದ್ರೆ ಮುಗೀತು" ಅಂತ ಮಗಳು ಉಗುರು ಕಚ್ಚುತ್ತಾ ಕೂತಳು. ತಂಡ ಗುಹೆ ಹೊಕ್ಕಿತು. ರಾಕ್ಷಸ ಎದ್ದ. ಏಳುತ್ತಲೇ ಹೋದ. ತಲೆ ಗುಹೆಯ ಸೂರಿಗೆ ತಗುಲಿದ ಮೇಲೆ ಒಂದು ಏಟು ಬೀಸಿದ ನೋಡಿ, ಅತ್ತೆ ಗುರಾಣಿ ಸಮೇತ ಮಾಯ! ಇನ್ನೊಂದಕ್ಕೆ ವೈದ್ಯೆ, ಮತ್ತೊಂದಕ್ಕೆ ಬಿಲ್ಲುಗಾರ್ತಿ. ಒಂಟಿಯಾದ ಮೇಷ್ಟ್ರು ನಾಲ್ಕು ಸಲ ಕತ್ತಿ ಬೀಸಿ ತಾವೂ ಮಲಗಿದರು. ಎಲ್ಲರೂ ಮತ್ತೆ ಗುಹೆಯ ಬಾಗಿಲಲ್ಲಿ ಎದ್ದರು.

"ಇವನು ಇಷ್ಟು ದೊಡ್ಡೋನಿರಬಾರದಲ್ಲ!" ಮಗಳು ಗಾಬರಿಯಾದಳು. "ತಂಡದಲ್ಲಿ ಯಾರ ಲೆವೆಲ್ ಜಾಸ್ತಿಯೋ ಅವರಿಗೆ ತಕ್ಕಂತೆ ರಾಕ್ಷಸ ಬೆಳೀತಾನೆ. ನಮ್ಮಲ್ಲಿ ಯಾರು..." ಅಪ್ಪನ ಲೆವೆಲ್ ತೆರೆದು ನೋಡಿದಳು. "ಅಪ್ಪಾ!"

ಮೇಷ್ಟ್ರು ಫ್ಯಾನು ನೋಡಿದರು. "ಸ್ವಲ್ಪ ಅಭ್ಯಾಸ ಮಾಡ್ದೆ."

"ಬೆಳಗ್ಗೆ ವಾಕಿಂಗ್ ಅಂದ್ರಲ್ರೀ?"

"ಕಾಡಲ್ಲಿ ನಡೆದದ್ದು ವಾಕಿಂಗ್ ಅಲ್ವೇನೇ?"

"ಅಯ್ಯೋ ನಿಮ್ಮ! ಅಂದ್ರೆ ಈ ರಾಕ್ಷಸನ್ನ ಸಾಕಿ ಬೆಳೆಸಿದ್ದು ನೀವೇ!"

ಮಗಳು ಗಡಿಯಾರ ನೋಡಿದಳು, ಬಾಗಿಲು ನೋಡಿದಳು. ಬಯ್ಯಲೂ ಇಲ್ಲ, ಕಣ್ಣು ಮಾತ್ರ ತುಂಬಿತ್ತು. ಮೇಷ್ಟ್ರು ಸೋಫಾದ ತುದಿಗೆ ಸರಿದು ಕೂತರು.

"ನಾನು ಒಳಗೇ ಬರದಿದ್ರೆ?"

"ಅವನು ಚಿಕ್ಕೋನಾಗ್ತಾನೆ. ಆದ್ರೆ ಅಪ್ಪಾ, ನೀನು..."

"ಬಿಡು ಮಗಳೇ. ಬಟ್ಟೆ ಅಂಗಡಿ ಹೊರಗೆ ನಿಂತು ನಿಂತು ನನಗೆ ರೂಢಿ ಇದೆ."

ಹೀಗೆ ಆ ಮಹಾವೀರ ಕತ್ತೆಯ ಪಕ್ಕದಲ್ಲಿ ನಿಂತರು. ಒಳಗೆ ಅತ್ತೆ "ಹೌಸ್‌ಫುಲ್! ನಡಿ ಹಿಂದಕ್ಕೆ!" ಅಂತ ಗುರಾಣಿ ಅಡ್ಡ ಹಿಡಿದರು. ಹೆಂಡತಿ "ಹೊಟ್ಟೆಗೇನಾದ್ರೂ ಬಿದ್ದಿದೆಯಾ" ಅಂತ ಯಾರನ್ನೂ ಕೇಳದೆ ಮದ್ದು ಹಾಕಿದಳು. ಮಗಳ ಬಾಣಗಳು ಸುಂಯ್‌ಗುಟ್ಟಿದವು. ಸೋಫಾದ ಮೇಲೆ ಮೇಷ್ಟ್ರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಧಡಾರನೆ ರಾಕ್ಷಸ ಉರುಳಿದ!

"ಗೆದ್ವಿ ಅಪ್ಪಾ!" ಮಗಳು ಕೊರಳಿಗೆ ಜೋತುಬಿದ್ದಳು. ಭಲೇ ಅನ್ನದಿದ್ದರೇನಂತೆ, "ಗೆದ್ವಿ" ಅಂದಳಲ್ಲ. ಅದರಲ್ಲಿ ತಾನೂ ಇದ್ದೇನಲ್ಲ ಅಂದುಕೊಂಡರು ಮೇಷ್ಟ್ರು.

ಅಷ್ಟರಲ್ಲಿ ಪರದೆಯ ಮೇಲೆ ಕಹಳೆ ಮೊಳಗಿತು. ಅಜ್ಜಿಯ ಲೆವೆಲ್ ಏರಿತು, ಅಮ್ಮನದು ಏರಿತು, ಮಗಳದೂ ಏರಿತು. 'ಹೊರಗೆ ಕಾದಿದ್ದವರಿಗೂ ಪಾಲುಂಟು' ಅಂತ ಬರಹ ಮೂಡಿತು. ಮೇಷ್ಟ್ರು ಕಾಲರ್ ಸರಿಮಾಡಿಕೊಂಡು ನೆಟ್ಟಗೆ ಕೂತರು. ಮತ್ತೊಂದು ಕಹಳೆ. ಹೂಮಳೆ.

ಲೆವೆಲ್ ಏರಿದ್ದು ಕತ್ತೆಯದು.

ಮೇಷ್ಟ್ರು ಮತ್ತೆ ಫ್ಯಾನು ನೋಡಿದರು. ಅತ್ತೆಯೇ ಮೃದುವಾಗಿ ಅಂದರು: "ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೇ. ಅದು ಒಂದು ದಿನಾನೂ ನಮ್ಮನ್ನ ಬಿಟ್ಟು ವಾಕಿಂಗ್ ಹೋಗಿಲ್ಲ."