ಆಕಾಶದಲ್ಲೇ ಇಳಿದ ವಿಮಾನ

“ಇನ್ನ ಮ್ಯಾಲೆ ಯಾವ ಉಪಗ್ರಹಾನೂ ನಮಗ ಸುಳ್ಳ ಹೇಳಾಕ ಆಗಂಗಿಲ್ರಿ ಮೇಡಂ!” ಎಂದು ಎಂಜಿನಿಯರ್ ಚನ್ನವೀರಪ್ಪ ಬಳಿಗಾರರು ತಮ್ಮ ಹೊಸ ಯಂತ್ರದ ಬೆನ್ನು ತಟ್ಟಿದರು.

ಕಂಟ್ರೋಲ್ ಟವರಿನ ಅಧಿಕಾರಿ ವಿಶಾಲಾಕ್ಷಿ ಕಬ್ಬೂರ ಕಿಟಕಿಯಾಚೆ ನೋಡಿದಳು. ಮೋಡ ಕವಿದಿತ್ತು. ತಪಾಸಣೆಯ ಅಧಿಕಾರಿಯನ್ನು ಹೊತ್ತ ಪುಟ್ಟ ವಿಮಾನ ಈ ಯಂತ್ರವನ್ನೇ ನಂಬಿ ಇಳಿಯಲು ಬರುತ್ತಿತ್ತು. ಉಪಗ್ರಹಗಳ ಸಂಕೇತ ಪರೀಕ್ಷಿಸಿ, ನಂಬಿಕಸ್ಥರನ್ನಷ್ಟೇ ಆರಿಸಿ, ವಿಮಾನಕ್ಕೆ ದಾರಿ ತೋರಿಸುವುದು ಅದರ ಕೆಲಸ. ಕನಿಷ್ಠ ನಾಲ್ಕಾದರೂ ಬೇಕು. ತೆರೆಯ ಮೇಲೆ ಹನ್ನೊಂದಿದ್ದವು.

“ಏಳನೇದು ಸುಳ್ಳ ಹೇಳಾಕತ್ತೈತಿ. ಹೊರಗ ಹಾಕೀನಿ!” ಎಂದಿತು ಯಂತ್ರ, ಬಳಿಗಾರರದೇ ದನಿಯಲ್ಲಿ.

“ನೋಡಿದ್ರ್ಯಾ? ಎಂಥಾ ಚುರುಕು!”

“ಎರಡನೇದೂ ಸುಳ್ಳ. ಒಂಬತ್ತನೇದಂತೂ ಮಹಾ ಸುಳ್ಳ!”

ಎರಡೇ ನಿಮಿಷದಲ್ಲಿ ತೆರೆ ಖಾಲಿಯಾಯಿತು.

“ಹನ್ನೊಂದೂ ಸುಳ್ಳ ಹೇಳ್ತಾವೇನ್ರೀ? ಏನ್ ಮಾಡೀರಿ ನೀವು?”

ಬಳಿಗಾರರು ತಲೆ ಕೆರೆದುಕೊಂಡರು. “ಏನಿಲ್ರಿ... ಸಾಹೇಬ್ರಿಗೆ ಚೆಂದ ಕಾಣ್ಲಿ ಅಂತ ಯಂತ್ರದ ಆ್ಯಂಟೆನಾ ಕಂಬ ಕಿತ್ತು ಹೂವಿನ ಗಿಡಗಳ ನಡುವ ನಿಲ್ಲಿಸೀನಿ.”

“ಅದನ್ನ ಯಂತ್ರಕ್ಕ ಹೇಳೀರೇನು?”

ಹೇಳಿರಲಿಲ್ಲ! ಕಂಬ ಹಳೆಯ ಜಾಗದಲ್ಲೇ ಇದೆಯೆಂದು ಯಂತ್ರ ತಿಳಿದಿತ್ತು. ಹೊಸ ಜಾಗವನ್ನು ಸರಿಯಾಗಿ ತೋರಿಸಿದ ಉಪಗ್ರಹಗಳೆಲ್ಲ ಅದರ ಪಾಲಿಗೆ ಸುಳ್ಳುಬುರುಕರು.

“ತಡೀರಿ, ಸ್ವಲ್ಪ ಸಡಿಲ ಬಿಡ್ತೀನಿ.” ಬಳಿಗಾರರು ಯಂತ್ರದ ಒಂದು ಗುಂಡಿ ತಿರುಗಿಸಿದರು. “ಮ್ಯಾಲಿರೋರೊಳಗ ಯಾರನ್ನಾದ್ರೂ ಒಬ್ಬರನ್ನ ನಂಬಪಾ!”

ಯಂತ್ರ ನಂಬಿತು, ಬರುತ್ತಿದ್ದ ವಿಮಾನವನ್ನೇ! ವಿಮಾನ ಎಲ್ಲಿದೆಯೋ ರನ್‌ವೇ ಕೂಡ ಅಲ್ಲೇ ಇದೆಯೆಂದು ತೀರ್ಮಾನಿಸಿಬಿಟ್ಟಿತು.

ರೇಡಿಯೋದಲ್ಲಿ ಪೈಲಟ್ ದೇವಯ್ಯನ ದನಿ ಕೇಳಿಸಿತು. “ಮೇಡಂ, ಇಳಿದಾಯ್ತು, ಎಂಜಿನ್ ಆಫ್ ಮಾಡಿ ಅಂತಿದೆ ನಿಮ್ಮ ಯಂತ್ರ! ನಾವಿನ್ನೂ ಮೂರು ಸಾವಿರ ಅಡಿ ಮೇಲಿದ್ದೀವಿ!”

“ಆಫ್ ಮಾಡಬ್ಯಾಡ್ರಿ!” ವಿಶಾಲಾಕ್ಷಿ ಚೀರಿದಳು. ಯಂತ್ರದ ಪ್ಲಗ್ಗನ್ನೇ ಕಿತ್ತೆಸೆದಳು. ಮತ್ತೆ ಮೈಕ್ ಎತ್ತಿಕೊಂಡಳು. “ಮ್ಯಾಲೇ ಸುತ್ತು ಹಾಕ್ರಿ. ಪೂರ್ವದ ಕಡೆ ಮೋಡ ಚದುರಾಕತ್ತೈತಿ. ರನ್‌ವೇ ಕಣ್ಣಿಗೆ ಕಂಡ ಮ್ಯಾಲೇ ಇಳೀರಿ.”

ಎಂಜಿನ್ ಸದ್ದು ದೂರ ಹೋಯಿತು, ಮತ್ತೆ ಬಂತು. ಹತ್ತು ನಿಮಿಷದ ಮೇಲೆ ಮೋಡದ ಸಂದಿಯಿಂದ ವಿಮಾನ ಇಣುಕಿತು, ಒಮ್ಮೆ ಕುಲುಕಿ ನೆಲ ಮುಟ್ಟಿತು.

ತಪಾಸಣೆಯ ಅಧಿಕಾರಿ ಬಿಳಿಚಿದ ಮುಖ ಹೊತ್ತು ಟವರ್ ಹತ್ತಿ ಬಂದರು. ಬಳಿಗಾರರು ಯಂತ್ರ ಕೊನೆಯದಾಗಿ ಮುದ್ರಿಸಿದ್ದ ಚೀಟಿಯನ್ನು ಅವರ ಕೈಗಿಟ್ಟರು.

“ಏನೇ ಆಗ್ಲಿ ಸರ್, ನೀವು ಹತ್ತು ನಿಮಿಷ ಮೊದಲ ಬಂದು ಮುಟ್ಟೀರಿ ಅಂತ ದಾಖಲಾಗೈತಿ!”

ಅಧಿಕಾರಿ ಚೀಟಿಯನ್ನು ಮಡಿಸಿ ಹಿಂದಿರುಗಿಸಿದರು.

“ಹಾಗಿದ್ರೆ ಟ್ಯಾಕ್ಸೀನೂ ಆಕಾಶಕ್ಕೇ ಕಳಿಸಬೇಕಿತ್ತು.”