ಶಾಮಿಯಾನ ಹಾರಿದ ಮೇಲೆ ಎಚ್ಚರಿಸಿದ ಆಪ್‌ನವರಿಗೆ

ಮಾನ್ಯ ‘ಬಿರುಗಾಳಿ ಬಂಧು’ ಆಪ್‌ನವರೇ,

ನಗುವ ಮೋಡದ ಚಿತ್ರವಾಗಿ ನನ್ನ ಫೋನಿನಲ್ಲಿ ಸದಾ ಮಿನುಗುವ ತಮಗೆ, ದೆಹಲಿಯ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನಿಂದ ಸೆಕ್ಷನ್ ಆಫೀಸರ್ ಈಶ್ವರಪ್ಪ ಮಾಡುವ ಸವಿನಯ ನಮಸ್ಕಾರಗಳು. ತಾವು ನನ್ನ ಬ್ಯಾಟರಿ ಕುಡಿದುಕೊಂಡು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾವೂ ಕ್ಷೇಮ, ಮೂಗಿನಿಂದ ಇನ್ನೂ ಸ್ವಲ್ಪ ಧೂಳು ಬರುತ್ತಿದೆ, ಅಷ್ಟೆ.

ತಮ್ಮನ್ನು ಫೋನಿಗೆ ಇಳಿಸಿಕೊಂಡ ದಿನದಿಂದ ನಾನು ಬಿರುಗಾಳಿ ವೀಕ್ಷಕನಾದೆ. ರಾಡಾರಿನ ಹಳದಿ, ಕೆಂಪು ಕಲೆಗಳು, ಸಿಡಿಲು ಬಿದ್ದಲ್ಲೆಲ್ಲ ಮೂಡುವ ಚುಕ್ಕೆಗಳು, ಗಾಳಿಯ ದಿಕ್ಕು ತೋರುವ ಬಾಣಗಳು ನನ್ನ ತಲೆಯನ್ನೇ ತಿರುಗಿಸಿಬಿಟ್ಟವು. ಫೈಲು ಯಾವ ಮೇಜಿನಲ್ಲಿದೆಯೆಂದು ಎಂದೂ ಹೇಳಲಾಗದ ನಾನು, ರಾಜಸ್ಥಾನದ ಧೂಳು ಎಲ್ಲಿಯವರೆಗೆ ಬಂತೆಂದು ಆಫೀಸಿನ ಕ್ಯಾಂಟೀನಿನಲ್ಲಿ ವಿವರಿಸತೊಡಗಿದೆ. ಜನ ಚಹಾ ಆರುವವರೆಗೂ ಕೇಳಿದರು. ಇಷ್ಟು ಗೌರವ ನನಗೆ ಬಡ್ತಿ ಸಿಕ್ಕಾಗಲೂ ಸಿಕ್ಕಿರಲಿಲ್ಲ.

ಹೀಗಿರುವಾಗ ಮಗಳು ಲಾವಣ್ಯಾಳ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗ ತನ್ಮಯ್, ಕೊಡಗಿನವರಾದ ನಿವೃತ್ತ ಸುಬೇದಾರ್ ಪೆಮ್ಮಯ್ಯನವರ ಮಗ. ಮಕ್ಕಳಿಬ್ಬರೂ ತಾವಾಗಿ ಒಪ್ಪಿಕೊಂಡವರು, ಪೆಮ್ಮಯ್ಯನವರೂ ಒಪ್ಪಿದ್ದರು. ಹುಡುಗನ ತಾಯಿ ಕಾವೇರಮ್ಮನವರು ಮಾತ್ರ ನಮ್ಮ ಮನೆಗೆ ಬಂದಾಗಲೆಲ್ಲ “ಕಾಫಿ ಸಾಕು” ಎಂಬುದಕ್ಕಿಂತ ಉದ್ದದ ವಾಕ್ಯವನ್ನು ಆಡಿರಲಿಲ್ಲ. ಆದ್ದರಿಂದ ಈ ಕಾರ್ಯಕ್ರಮದಲ್ಲಿ ಎಳ್ಳಷ್ಟೂ ಲೋಪವಾಗಬಾರದೆಂದು ಇಡೀ ಮನೆ ಉಸಿರು ಬಿಗಿಹಿಡಿದಿತ್ತು.

ನನ್ನ ಶ್ರೀಮತಿ ಶಾರದಮ್ಮ, “ಜೂನ್ ತಿಂಗಳು ರೀ, ಧೂಳಿನ ಆಂಧಿ ಬರೋ ಕಾಲ. ಸುಮ್ನೆ ಒಂದು ಹಾಲ್ ಹಿಡೀರಿ” ಎಂದಳು. ನಾನು ಫೋನು ತಿರುಗಿಸಿ ತಮ್ಮ ಸೂರ್ಯನನ್ನು ತೋರಿಸಿದೆ. ‘ನಿರ್ಮಲ ಆಕಾಶ, ಸಂಜೆಯನ್ನು ಆನಂದಿಸಿ’ ಎಂದು ತಾವು ಬರೆದಿದ್ದಿರಿ. ಇಷ್ಟು ಆತ್ಮೀಯವಾಗಿ ನಮ್ಮ ಬಂಧುಗಳೇ ಮಾತಾಡುವುದಿಲ್ಲ. ಕ್ವಾರ್ಟರ್ಸಿನ ಎದುರಿನ ಪಾರ್ಕಿನಲ್ಲಿ ಶಾಮಿಯಾನ ಎದ್ದಿತು.

ಆ ಸಂಜೆ ಅತಿಥಿಗಳೆಲ್ಲ ಕುಳಿತು, ಪುರೋಹಿತರು ಸಂಕಲ್ಪ ಶುರುಮಾಡುವ ಹೊತ್ತಿಗೆ ಪಶ್ಚಿಮ ದಿಕ್ಕು ಅರಿಶಿನದ ನೀರಿನ ಹಾಗಾಯಿತು. ಶಾರದಮ್ಮ ನನ್ನ ತೋಳು ಜಗ್ಗಿದಳು.

“ರೀ, ಆಕಾಶ ನೋಡಿ.”

“ನೋಡ್ತಾನೇ ಇದೀನಿ ಕಣೇ, ತಿಳಿಯಾಗಿದೆ” ಎಂದೆ, ಫೋನಿನಿಂದ ಕಣ್ಣೆತ್ತದೆ.

ಮುಂದಿನದನ್ನು ತಾವು ಕಾಣದ ಕಾರಣ ತಮ್ಮ ಮಾಹಿತಿಗಾಗಿ ನಿವೇದಿಸುತ್ತೇನೆ. ಶಾಮಿಯಾನ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡು, ಹಗ್ಗಗಳ ಸಮೇತ ಮೇಲೆದ್ದು, ಎದುರು ಬ್ಲಾಕಿನ ನೀರಿನ ಟ್ಯಾಂಕಿನ ಮೇಲೆ ವಿರಾಜಮಾನವಾಯಿತು. ಚಿರೋಟಿಯ ಮೇಲೆ ಸಕ್ಕರೆಗಿಂತ ದಪ್ಪಗೆ ಮರಳು ಕೂತಿತು. ಪೆಮ್ಮಯ್ಯನವರು ಕಂಬವೊಂದನ್ನು ತಬ್ಬಿಕೊಂಡು, “ಹೆಂಗಸರು, ಮಕ್ಕಳು ಮೊದಲು! ಮೆಟ್ಟಿಲ ಕಡೆ ಚಲೋ!” ಎಂದು ಅಬ್ಬರಿಸಿದರು, ಪುರೋಹಿತರು ಎಲ್ಲರಿಗಿಂತ ಮೊದಲು ತಲುಪಿದರು. ಅಷ್ಟರಲ್ಲಿ ಕಾವೇರಮ್ಮನವರು ತಲೆಗೆ ಕಟ್ಟಿದ್ದ ರೇಷ್ಮೆ ವಸ್ತ್ರ ಬಿಚ್ಚಿಕೊಂಡು ಗಾಳಿಗೆ ಹಾರಿತು. ಅದು ಅವರ ತಾಯಿಯದ್ದಂತೆ.

ನನ್ನ ಮಗಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಧೂಳಿನೊಳಗೆ ನುಗ್ಗಿ, ಮಕ್ಕಳ ಜಾರುಬಂಡೆಯ ತುದಿಗೆ ಹತ್ತಿ ಆ ವಸ್ತ್ರವನ್ನು ಹಿಡಿದುಕೊಂಡಳು. ಹಿಡಿದ ಮೇಲೆ ಇಳಿಯಲು ಬೇರೆ ದಾರಿಯಿರಲಿಲ್ಲ. ಬೀಗರ ಕಡೆಯವರೆಲ್ಲ ನೋಡುತ್ತಿರುವಂತೆಯೇ ಭಾವೀ ಸೊಸೆ ಜಾರಿಕೊಂಡು ಬಂದಳು.

ಸರಿಯಾಗಿ ಆಗ ನನ್ನ ಜೇಬಿನಲ್ಲಿ ತಾವು ಕೂಗಿದಿರಿ: ‘ಎಚ್ಚರಿಕೆ! ಬಿರುಗಾಳಿ ಬರುವ ಸಂಭವವಿದೆ.’ ಅದರ ಹಿಂದೆಯೇ, ‘ಈ ಮುನ್ಸೂಚನೆಗೆ ಎಷ್ಟು ನಕ್ಷತ್ರ ಕೊಡುವಿರಿ?’ ಎಂದೂ ಕೇಳಿದಿರಿ. ಮಾನ್ಯರೇ, ಆ ಹೊತ್ತಿನಲ್ಲಿ ಕಣ್ಣೆದುರು ಬೇಕಾದಷ್ಟು ನಕ್ಷತ್ರಗಳಿದ್ದವು.

ಎಲ್ಲರೂ ಸೇರಿದ ಕ್ವಾರ್ಟರ್ಸಿನ ಮೆಟ್ಟಿಲ ಬಳಿ ಕರೆಂಟು ಹೋಗಿತ್ತು. ಇನ್ನು ಸಂಬಂಧವೂ ಹೋಯಿತೆಂದು ನಾನು ಗೋಡೆಗೆ ಒರಗಿ ನಿಂತೆ. ಕಾವೇರಮ್ಮನವರು ವಸ್ತ್ರವನ್ನು ಕೊಡವಿ ಮಡಿಸಿ, ಲಾವಣ್ಯಾಳ ಹುಬ್ಬಿನ ಮೇಲಿನ ಧೂಳನ್ನು ಅದರಲ್ಲೇ ಒರೆಸಿದರು. ಆಮೇಲೆ ಮಗನತ್ತ ತಿರುಗಿ, “ನೀನೆಲ್ಲಿದ್ದೆ? ಕುರ್ಚಿ ಕೆಳಗಾ? ಈ ಹುಡುಗಿ ನಿನಗೆ ಸ್ವಲ್ಪ ಹೆಚ್ಚೇ ಆಯಿತು. ಬೇಗ ಉಂಗುರ ಹಾಕು, ಅವಳು ಮನಸ್ಸು ಬದಲಾಯಿಸೋದರೊಳಗೆ” ಎಂದರು. ಅಷ್ಟುದ್ದ ಮಾತು ಕೇಳಿ ಶಾರದಮ್ಮ ಅಳುತ್ತಾ ನಕ್ಕಳು. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ, ಹುಡುಗ ಕೆಳಗಿನ ಮೆಟ್ಟಿಲಲ್ಲಿ, ಹುಡುಗಿ ಮೇಲಿನ ಮೆಟ್ಟಿಲಲ್ಲಿ ನಿಂತು ಉಂಗುರ ಬದಲಾಯಿಸಿಕೊಂಡರು. ಚಿರೋಟಿಯನ್ನು ಊದಿ ಊದಿ ಎಲ್ಲರೂ ತಿಂದೆವು.

ಹೀಗೆ ಹಾಲ್ ಹಿಡಿದಿದ್ದರೆ ಎಂದೂ ಆಗಲಾರದಿದ್ದುದನ್ನು ಆಗಮಾಡಿಕೊಟ್ಟ ತಮಗೆ ಕೃತಜ್ಞತೆ ಸಲ್ಲಿಸುತ್ತಾ, ಕೆಲವು ಕಿರುಬೇಡಿಕೆಗಳನ್ನು ಮುಂದಿಡುತ್ತೇನೆ. ಇನ್ನು ಮುಂದೆ ಪ್ರತಿ ಬಿರುಗಾಳಿಯೂ ದೆಹಲಿ ಗಡಿಯಲ್ಲಿ ಹಾಜರಿ ಹಾಕಿ, ಮೇಲಧಿಕಾರಿಗಳ ಅನುಮತಿ ಪಡೆದೇ ಒಳಬರುವಂತೆ ಆದೇಶಿಸಬೇಕು. ಅದಾಗದಿದ್ದರೆ ತಾವೇ ವಾರಕ್ಕೊಮ್ಮೆ ಫೋನಿನಿಂದ ಇಳಿದು, ನಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಮ್ಮೆ ಮೇಲೆ ನೋಡಬೇಕು. ಮದುವೆ ನವೆಂಬರಿನಲ್ಲಿದೆ, ಆ ವಾರವಿಡೀ ಭೀಕರ ಬಿರುಗಾಳಿಯೆಂದು ತಾವು ಈಗಲೇ ಘೋಷಿಸಿದರೆ, ಬಯಲು ಜಾಗವನ್ನೇ ಗೊತ್ತುಮಾಡಲು ನಮಗೆ ಧೈರ್ಯ ಬರುತ್ತದೆ.

ಇಂತಿ, ಸ್ವಂತ ಕಣ್ಣಿನಿಂದ ಆಕಾಶ ನೋಡುವುದನ್ನು ಇತ್ತೀಚೆಗೆ ಕಲಿಯುತ್ತಿರುವ,
ತಮ್ಮ ಮಾಜಿ ವಿಶ್ವಾಸಿ,
ಈಶ್ವರಪ್ಪ

ತಾ.ಕ.: ಬೀಗರಾದ ಪೆಮ್ಮಯ್ಯನವರು ನಿನ್ನೆ ತಮ್ಮನ್ನು ಅವರ ಫೋನಿಗೂ ಇಳಿಸಿಕೊಂಡಿದ್ದಾರೆ. ಯಾಕೆಂದು ಕೇಳಿದ್ದಕ್ಕೆ, “ಶತ್ರು ಏನು ಹೇಳ್ತಾನೆ ಅಂತ ತಿಳಿದಿರಬೇಕು” ಎಂದರು. ಶತ್ರು ಗಾಳಿಯೋ ತಾವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.